ಹಾಡಿ, ಹಕ್ಕಲು, ಹಟ್ಟಿ: ಕುಂದಾಪುರ ಸೀಮೆಯ ಮೇವು ಮತ್ತು ಮಣ್ಣಿನ ಚರಿತ್ರೆ

ಪಡುವಣದಲ್ಲಿ ಕಡಲು, ಮೂಡಣದಲ್ಲಿ ಘಟ್ಟ ಗಡಿಯಾಗಿರುವ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳ ಕೃಷಿಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಭತ್ತದ ಗದ್ದೆಯಿಂದ ಹೊರಟು ಭತ್ತದ ಗದ್ದೆಗೇ ಮರಳಿದ್ದಾರೆ. ಕಂದಾಯದ ಲೆಕ್ಕ, ಗೇಣಿಯ ಲೆಕ್ಕ, ಒಕ್ಕಲು ಮಸೂದೆಯ ಹೋರಾಟ ಎಲ್ಲವೂ ಗದ್ದೆಯ ಸುತ್ತಲೇ ನಡೆದುದರಿಂದ ಇದು ಸಹಜವೇ ಆಗಿದ್ದರೂ, ಗದ್ದೆಗೆ ಫಲ ಕೊಡುವ ಶಕ್ತಿ ಎಲ್ಲಿಂದ ಬರುತ್ತಿತ್ತು ಎಂಬ ಪ್ರಶ್ನೆ ಇದರಿಂದ ಬದಿಗೆ ಸರಿದಿದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರಿನಷ್ಟು ಮಳೆ ಬೀಳುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದು ಮುಗಿಯುವ ಈ ನೆಲದಲ್ಲಿ ಮಣ್ಣಿನ ಸಾರ ನೀರಿನೊಡನೆ ಹೊಳೆಗೆ, ಹೊಳೆಯಿಂದ ಕಡಲಿಗೆ ಹರಿದುಹೋಗುತ್ತದೆ. ಉಳಿಯುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶ ಹೆಚ್ಚಿರುವ, ಹುಳಿ ಗುಣದ, ಬಿಸಿಲಿಗೆ ಕಲ್ಲಾಗುವ ಕೆಂಪು ಮಣ್ಣು. ಇಂಥ ನೆಲದಲ್ಲಿ ಶತಮಾನಗಳ ಕಾಲ ಒಂದೇ ಗದ್ದೆಯಲ್ಲಿ ವರ್ಷವರ್ಷವೂ ಭತ್ತ ಬೆಳೆಯಲು ಸಾಧ್ಯವಾದುದಕ್ಕೆ ಗದ್ದೆಯ ಮೇಲಿನ ಗುಡ್ಡ, ಗುಡ್ಡದ ಸೊಪ್ಪು, ಸೊಪ್ಪನ್ನು ಗೊಬ್ಬರವಾಗಿಸುವ ದನ ಇವು ಮೂರೂ ಕಾರಣ. ಮೇವಿನ ನಿರ್ವಹಣೆ ಎಂದು ಇಂದು ಬೇರೆ ದೇಶಗಳಲ್ಲಿ ಕಲಿಸಲಾಗುತ್ತಿರುವ ವಿದ್ಯೆಗೆ ಈ ಸೀಮೆಯಲ್ಲಿ ಹತ್ತಿರದ ನೆಂಟನೆಂದರೆ ಈ ಮೂರರ ಸಂಬಂಧವೇ.

ಊರಿನವರು ನೆಲವನ್ನು ಅದು ನೀರನ್ನು ಹಿಡಿಯುವ ಬಗೆಯಿಂದ ಹೆಸರಿಸುತ್ತಾರೆ. ತಗ್ಗಿನಲ್ಲಿ ಎರಡು, ಕೆಲವೆಡೆ ಮೂರು ಬೆಳೆಗೆ ತೇವ ಉಳಿಸಿಕೊಳ್ಳುವ ಗದ್ದೆ ಬಯಲು. ಅದರ ಮೇಲಿನ ಹಂತದ್ದು ಮಜಲು. ಮಳೆಯನ್ನೇ ನಂಬಿ ಒಂದೇ ಬೆಳೆ ಕೊಡುವ ಎತ್ತರದ ಗದ್ದೆ ಬೆಟ್ಟು. ಇದಕ್ಕೂ ಮೇಲೆ, ಉಳುಮೆಗೆ ಒಗ್ಗದ ಜಾಗದಲ್ಲಿ, ಮರ ವಿರಳವಾಗಿ ಮಳೆಗಾಲದಲ್ಲಿ ಹುಲ್ಲು ಹಬ್ಬುವ ಬಯಲುಗುಡ್ಡ ಹಕ್ಕಲು. ಮರ ದಟ್ಟವಾಗಿರುವ ತೋಪಿನಂಥ ಜಾಗ ಹಾಡಿ. ಹಾಡಿಯ ಆಚೆಗೆ ಘಟ್ಟದ ತಪ್ಪಲಿನ ಕಾಡು. 1801ರಲ್ಲಿ ಕಂಪನಿ ಸರ್ಕಾರದ ಅಪ್ಪಣೆಯಂತೆ ಕೆನರಾ ಪ್ರಾಂತ್ಯದಲ್ಲಿ ಸಂಚರಿಸಿ ಕುಂದಾಪುರ, ಬೈಂದೂರುಗಳ ಮೂಲಕ ಉತ್ತರಕ್ಕೆ ಹೋದ ಫ್ರಾನ್ಸಿಸ್ ಬುಕಾನನ್ ಈ ಪ್ರಾಂತ್ಯದ ಗದ್ದೆಗಳ ವರ್ಗೀಕರಣವನ್ನು ತನ್ನ ಪ್ರವಾಸಗ್ರಂಥದಲ್ಲಿ ದಾಖಲಿಸಿದ್ದಾನೆ. ಕರಾವಳಿಯವರು ಮುರಕಲ್ಲು ಎಂದು ಕರೆಯುವ ಕಲ್ಲಿಗೆ ಭೂವಿಜ್ಞಾನದಲ್ಲಿ ‘ಲ್ಯಾಟರೈಟ್’ ಎಂಬ ಹೆಸರು ಬಂದುದೂ ಇದೇ ಪ್ರವಾಸದಿಂದ. ಮಲಬಾರಿನ ಅಂಗಾಡಿಪುರದಲ್ಲಿ ಅದನ್ನು ಗಮನಿಸಿದ ಆತ 1807ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಆ ಹೆಸರನ್ನು ಕೊಟ್ಟನು. ಕಲ್ಲಿಗೆ ಹೆಸರಿಡುವಷ್ಟು ಸೂಕ್ಷ್ಮವಾಗಿ ನೆಲವನ್ನು ನೋಡಿದ ಅಧಿಕಾರಿಗಳಿಗೂ ಹಕ್ಕಲು ಮತ್ತು ಹಾಡಿಗಳು ಕಂದಾಯವಿಲ್ಲದ ‘ಪಾಳು’ ಎಂದೇ ಕಂಡವು ಎಂಬುದು ಮುಂದಿನ ನೂರೈವತ್ತು ವರ್ಷಗಳ ಕಥೆಯನ್ನು ಅರಿಯಲು ನೆನಪಿಡಬೇಕಾದ ಸಂಗತಿ.

ಈ ವ್ಯವಸ್ಥೆಯ ನಡುವಣ ಕೊಂಡಿ ಹಟ್ಟಿ, ಅಂದರೆ ದನದ ಕೊಟ್ಟಿಗೆ. ಇಲ್ಲಿಯ ಹಳೆಯ ಹಟ್ಟಿಯ ನೆಲ ಕಲ್ಲು ಹಾಸಿದ್ದಲ್ಲ. ಅದು ಸ್ವಲ್ಪ ತಗ್ಗಾಗಿ ತೋಡಿದ ಮಣ್ಣಿನ ನೆಲ. ಮಳೆಗಾಲದಲ್ಲಿ ಹಾಡಿಯಿಂದ ಕಡಿದು ಹೊರೆಯಾಗಿ ಹೊತ್ತು ತಂದ ಹಸಿಸೊಪ್ಪನ್ನು, ಬೇಸಗೆಯಲ್ಲಿ ಗುಡಿಸಿ ತಂದ ತರಗೆಲೆಯನ್ನು ದಿನವೂ ಅದರ ಮೇಲೆ ಹರವಲಾಗುತ್ತಿತ್ತು. ರಾತ್ರಿಯಿಡೀ ದನಗಳು ಅದರ ಮೇಲೆ ಮಲಗಿ, ತುಳಿದು, ಸೆಗಣಿ ಗಂಜಳ ಬೆರೆಸಿದ ಮೇಲೆ ಮರುದಿನ ಮತ್ತೊಂದು ಪದರ ಬೀಳುತ್ತಿತ್ತು. ಹೀಗೆ ವಾರಗಳ ಕಾಲ ಪದರದ ಮೇಲೆ ಪದರ ಏರಿ ಹಟ್ಟಿಯ ನೆಲ ಮೇಲಕ್ಕೆ ಬಂದಾಗ ಅದನ್ನು ಅಗೆದು ಗೊಬ್ಬರದ ಗುಂಡಿಗೆ ಸೇರಿಸುವುದು, ಮಳೆಗಾಲಕ್ಕೆ ಮುನ್ನ ಹೆಡಿಗೆಗಳಲ್ಲಿ ತುಂಬಿ ತಲೆಹೊರೆಯಾಗಿ ಗದ್ದೆಗೆ ಸಾಗಿಸಿ ಅಲ್ಲಲ್ಲಿ ಕುಪ್ಪೆ ಹಾಕುವುದು, ಮೊದಲ ಹೂಟೆಯೊಡನೆ ಅದನ್ನು ಮಣ್ಣಿಗೆ ಬೆರೆಸುವುದು ಹೆಂಗಸರ ಬೆನ್ನು ಮುರಿಯುವ ದುಡಿಮೆಯಾಗಿತ್ತು. ಎಲ್ಲ ಸೊಪ್ಪೂ ಹಟ್ಟಿಗೆ ಹೋಗುತ್ತಿರಲಿಲ್ಲ. ದನ ಬಾಯಿ ಹಾಕದ ಕಹಿಯಾದ ಕಾಸರಕದ ಎಲೆಯನ್ನು ನೇರವಾಗಿ ಗದ್ದೆಯ ಕೆಸರಿಗೇ ತುಳಿಯುತ್ತಿದ್ದರು; ಗುಡಿಸಿದ ತರಗೆಲೆಯ ಒಂದು ಭಾಗವನ್ನು ಮಣ್ಣಿನೊಡನೆ ಒಟ್ಟಿ ಮೆಲ್ಲಗೆ ಬೇಯಿಸಿ ‘ಸುಡುಮಣ್ಣು’ ಮಾಡಿ ತರಕಾರಿಗೂ ಅಗೇಡಿಗೂ, ಅಂದರೆ ನೇಜಿ ಬೆಳೆಸುವ ಪಾತಿಗೂ, ಉಪಯೋಗಿಸುತ್ತಿದ್ದರು.

ಮೇಯಿಸುವಿಕೆಗೂ ಒಂದು ಪಂಚಾಂಗವಿತ್ತು. ಕಾರ್ತಿ ಬೆಳೆ, ಅಂದರೆ ಮುಂಗಾರಿನಲ್ಲಿ ನಾಟಿಯಾಗಿ ದೀಪಾವಳಿಯ ಆಸುಪಾಸಿನಲ್ಲಿ ಕೊಯಿಲಿಗೆ ಬರುವ ಭತ್ತ, ಗದ್ದೆಯಲ್ಲಿರುವಷ್ಟು ಕಾಲ ಗದ್ದೆಯ ಕಡೆ ದನಕ್ಕೆ ಪ್ರವೇಶವಿಲ್ಲ. ಮನುಷ್ಯ ದಾಟಬಲ್ಲ, ದನ ದಾಟಲಾರದ ತಡಮೆಗಳು ಹಾದಿಯುದ್ದಕ್ಕೂ ಇರುತ್ತಿದ್ದವು. ಆಗ ದನ ಹಕ್ಕಲಿನ ಹೊಸ ಹುಲ್ಲಿಗೆ ಹೋಗಬೇಕು. ಕೊಯಿಲು ಮುಗಿದ ಗದ್ದೆಯಲ್ಲಿ ಕೂಳೆ ಮೇಯಲು ದನ ಬಿಡುವುದು, ಅವು ಅಲ್ಲಿಯೇ ಸೆಗಣಿ ಹಾಕುವುದು ಮುಂದಿನ ಹಂತ. ಆದರೆ ಎರಡನೆಯದಾದ ಸುಗ್ಗಿ ಬೆಳೆಯನ್ನೋ, ತೇವದ ಬಲದಲ್ಲಿಯೇ ಬರುವ ಉದ್ದು, ಅಲಸಂದೆಗಳನ್ನೋ, ಕಡಲಬದಿಯ ಮರಳುಮಿಶ್ರಿತ ಗದ್ದೆಗಳಲ್ಲಿ ನೆಲಗಡಲೆಯನ್ನೋ ಬೆಳೆಯುವವರಿದ್ದ ಬಯಲುಗಳಲ್ಲಿ ಈ ಬಿಡುವಿಕೆ ಮುಂದಕ್ಕೆ ಹೋಗುತ್ತಿತ್ತು, ಅದು ಒಬ್ಬರ ಇಚ್ಛೆಯಿಂದಲ್ಲ, ಬಯಲಿನವರೆಲ್ಲರ ಒಪ್ಪಿಗೆಯಿಂದ. ಹಕ್ಕಲುಗಳಲ್ಲೂ ಎಲ್ಲವೂ ಎಲ್ಲ ಕಾಲಕ್ಕೂ ತೆರೆದಿರಲಿಲ್ಲ: ಮನೆಯ ಮಾಡಿಗೆ ಹೊದೆಸುವ ಮುಳಿಹುಲ್ಲು ಬೆಳೆಯುವ ಗುಡ್ಡಗಳನ್ನು ಹುಲ್ಲು ಬಲಿತು ಕೊಯಿದುಕೊಳ್ಳುವವರೆಗೆ ದನದಿಂದ ಕಾಪಾಡಬೇಕಾಗಿತ್ತು, ಕೊಯಿದ ಮೇಲೆ ಉಳಿದುದನ್ನು ದನ ಮೇಯಬಹುದಿತ್ತು. ಹೆಂಚು ಬಂದ ಮೇಲೆ ಮುಳಿಗುಡ್ಡವನ್ನು ಕಾಯುವ ಕಾರಣವೇ ಇಲ್ಲದಾಯಿತು. ಮಾಡಿನ ಹೆಂಚಿಗೂ ಗುಡ್ಡದ ಹುಲ್ಲಿಗೂ ಇಂಥದೊಂದು ಸಂಬಂಧವಿತ್ತೆಂಬುದನ್ನು ಹೆಂಚಿನ ಉದ್ಯಮದ ಚರಿತ್ರೆ ಬರೆದವರು ಗಮನಿಸಿದಂತಿಲ್ಲ.

ಇದನ್ನು ಇಂದು ‘ಸಮಗ್ರ ಮೇವು ನಿರ್ವಹಣೆ’ ಎಂಬ ಹೆಸರಿನಲ್ಲಿ ಕಲಿಸಲಾಗುವ ಪದ್ಧತಿಯ ಪಕ್ಕದಲ್ಲಿಟ್ಟು ನೋಡಿದರೆ ಸಾಮ್ಯವೂ ವ್ಯತ್ಯಾಸವೂ ಸ್ಪಷ್ಟವಾಗುತ್ತವೆ. ಫ್ರಾನ್ಸಿನ ಆಂದ್ರೆ ವಾಸಿನ್ 1950ರ ದಶಕದಲ್ಲಿ ತನ್ನ ಹುಲ್ಲುಗಾವಲುಗಳನ್ನು ಅಧ್ಯಯನ ಮಾಡಿ, ಹುಲ್ಲು ಹಾಳಾಗುವುದು ದನಗಳ ಸಂಖ್ಯೆಯಿಂದಲ್ಲ, ಅವು ಒಂದೇ ಗಿಡವನ್ನು ಅದು ಚೇತರಿಸಿಕೊಳ್ಳುವ ಮುನ್ನ ಮತ್ತೆ ಮೇಯುವುದರಿಂದ ಎಂದು ವಾದಿಸಿದ್ದನು. ಜಿಂಬಾಬ್ವೆಯ ಆಲನ್ ಸೇವರಿ ಆ ವಿಚಾರವನ್ನು ಒಣನಾಡುಗಳಿಗೆ ವಿಸ್ತರಿಸಿ, ದೊಡ್ಡ ಹಿಂಡನ್ನು ಒತ್ತಾಗಿ ಸೇರಿಸಿ, ಸ್ವಲ್ಪ ಕಾಲ ಒಂದು ಕಡೆ ಮೇಯಿಸಿ, ಗೊರಸಿನಿಂದ ಒಣಹುಲ್ಲನ್ನು ಮಣ್ಣಿಗೆ ತುಳಿಸಿ, ಬಳಿಕ ಆ ನೆಲಕ್ಕೆ ದೀರ್ಘ ವಿಶ್ರಾಂತಿ ಕೊಡಬೇಕೆಂಬ ಯೋಜನೆಯನ್ನು ರೂಪಿಸಿದನು. ಅವನ ಮುಖ್ಯ ಗ್ರಂಥ ಬಂದುದು 1988ರಲ್ಲಿ, ಅವನ ಹೆಸರಿನ ತರಬೇತಿ ಸಂಸ್ಥೆ ಸ್ಥಾಪನೆಯಾದುದು 2009ರಲ್ಲಿ. ಅಮೆರಿಕ, ಆಸ್ಟ್ರೇಲಿಯಾಗಳ ರ್‍ಯಾಂಚ್‌ಗಳಲ್ಲಿ, ಅಂದರೆ ಸಾವಿರಾರು ಎಕರೆಯ ಬೇಲಿ ಹಾಕಿದ ದನದ ಹಿಡುವಳಿಗಳಲ್ಲಿ, ಇದಕ್ಕೆ ಅನೇಕ ಅನುಯಾಯಿಗಳಿದ್ದಾರೆ. ಹಾಗೆಯೇ, 2008ರಲ್ಲಿ ಅಲ್ಲಿಯ ಹುಲ್ಲುಗಾವಲು ವಿಜ್ಞಾನಿಗಳು ಅಲ್ಲಿಯವರೆಗಿನ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿ, ಸರದಿಯ ಮೇಯಿಸುವಿಕೆ ಸಾಮಾನ್ಯ ಮೇಯಿಸುವಿಕೆಗಿಂತ ಮೇಲೆಂದು ಸಿದ್ಧವಾಗಿಲ್ಲ ಎಂದೂ ಹೇಳಿದ್ದಾರೆ. ಈ ವಾದವಿವಾದದ ಫಲವೇನೇ ಇರಲಿ, ಕುಂದಾಪುರ ಸೀಮೆಯ ಹಳೆಯ ಕ್ರಮದಲ್ಲಿ ಸೇವರಿ ಬಯಸಿದ ಮೂರು ಕೆಲಸಗಳೂ ಇದ್ದವು, ಆದರೆ ಒಂದೇ ಜಾಗದಲ್ಲಿ ಅಲ್ಲ: ಮೇಯುವುದು ಹಕ್ಕಲಿನಲ್ಲಿ, ಗೊರಸಿನ ತುಳಿತ ಹಟ್ಟಿಯಲ್ಲಿ, ಅದರ ಫಲ ಗದ್ದೆಯಲ್ಲಿ. ಗುಡ್ಡದ ಸಾರವನ್ನು ಬಯಲಿಗೆ ಇಳಿಸುವ ವ್ಯವಸ್ಥೆ ಇದು. ಗುಡ್ಡಕ್ಕೆ ಏನೂ ಹಿಂದಿರುಗದ ಕಡೆ, ಸೊಪ್ಪು ಕಡಿಯುವುದು ಮಿತಿಮೀರಿದ ಕಡೆ, ಮುರಕಲ್ಲು ಬರಿದಾಗಿ ಹೊರಬಿದ್ದುದಕ್ಕೆ ಕಡಲಿಗೆ ಹತ್ತಿರದ ಬೋಳುಗುಡ್ಡಗಳು ಸಾಕ್ಷಿಯಾಗಿವೆ. ಹಳೆಯದೆಲ್ಲ ಸಮತೋಲದ್ದೇ ಆಗಿತ್ತೆಂಬ ಈಚಿನ ಭಾವುಕ ಬರಹಗಳು ಈ ಬೋಳುಗುಡ್ಡಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ವ್ಯವಸ್ಥೆಗೆ ತಕ್ಕ ದನವೂ ಇತ್ತು. ಕರಾವಳಿಯ ದನ ತೀರ ಚಿಕ್ಕದೆಂದು ವಸಾಹತುಕಾಲದ ವರದಿಗಳು ಕೀಳಂದಾಜಿನಿಂದಲೇ ಬರೆದಿವೆ. ಉಳುಮೆಗೆ ದೊಡ್ಡ ಎತ್ತು ಬೇಕಾದವರು ಘಟ್ಟದ ಮೇಲಿನಿಂದ ಕೊಂಡು ತರುತ್ತಿದ್ದರು, ಕೆಸರುಗದ್ದೆಯ ಹೂಟೆಗೆ ಕೋಣಗಳನ್ನು ಸಾಕುತ್ತಿದ್ದರು. ಮನೆಯವರು ‘ಊರ ದನ’ ಎನ್ನುವ, ಇಂದು ‘ಮಲೆನಾಡು ಗಿಡ್ಡ’ ಎಂಬ ಹೆಸರಿನಲ್ಲಿ ಕರ್ನಾಲಿನ ರಾಷ್ಟ್ರೀಯ ಪಶು ಅನುವಂಶಿಕ ಸಂಪನ್ಮೂಲ ಸಂಸ್ಥೆಯಲ್ಲಿ ತಳಿಯಾಗಿ ನೋಂದಣಿಯಾಗಿರುವ ಈ ದನದ ಎತ್ತರ ಒಂದು ಮೀಟರಿನ ಒಳಗೆ, ಹಾಲು ದಿನಕ್ಕೆ ಕೆಲವೇ ಲೀಟರು. ಆದರೆ ಬಿಡದೆ ಸುರಿಯುವ ಮಳೆಯಲ್ಲಿ ಕಡಿದಾದ ಗುಡ್ಡ ಹತ್ತಿ ಸಿಕ್ಕ ಕುರುಚಲನ್ನೇ ಮೇಯ್ದು ಸಂಜೆ ತಾನಾಗಿ ಹಟ್ಟಿಗೆ ಬರುವ, ಹೆಚ್ಚಿನ ಔಷಧೋಪಚಾರ ಬೇಡದ ಪ್ರಾಣಿ ಅದು. ಅದನ್ನು ಹಾಲಿನ ಲೆಕ್ಕದಲ್ಲಿ ಅಳೆದವರಿಗೆ ನಷ್ಟದ ಬಾಬಾಗಿ ಕಂಡಿತು. ಸಾಕಿದವರ ಲೆಕ್ಕದಲ್ಲಿ ಹಾಲು ಎರಡನೆಯ ಮಾತು, ಗೊಬ್ಬರ ಮೊದಲನೆಯದು.

1799ರಲ್ಲಿ ಟಿಪ್ಪುವಿನ ಪತನದ ಬಳಿಕ ಕೆನರಾ ಬ್ರಿಟಿಷರ ಕೈಗೆ ಬಂದು, ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರನಾದಾಗ, ಇಲ್ಲಿಯ ಸಾಗುವಳಿ ಭೂಮಿಯಲ್ಲಿ ಹಿಂದಿನಿಂದಲೂ ಖಾಸಗಿ ಒಡೆತನವಿದೆಯೆಂದು ಆತ ಮೇಲಧಿಕಾರಿಗಳಿಗೆ ಬರೆದನು. ಆದರೆ ಸಾಗುವಳಿಯಾಗದ ನೆಲ ಯಾರದು ಎಂಬ ಪ್ರಶ್ನೆಗೆ ಉತ್ತರ ದಶಕಗಳ ಕಾಲ ತೂಗಾಡುತ್ತಲೇ ಇತ್ತು. ಕೆನರಾವನ್ನು ಎರಡಾಗಿ ಒಡೆದು ಉತ್ತರದ ಭಾಗವನ್ನು 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ವರ್ಗಾಯಿಸಿದಾಗ ಕುಂದಾಪುರ ತಾಲ್ಲೂಕು ಮೊದಲು ಆ ಕಡೆಗೆ ಹೋಗಿ, ಸ್ವಲ್ಪದರಲ್ಲಿಯೇ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡಕ್ಕೆ ಮರಳಿತು. ಈ ಮರಳುವಿಕೆ ಆಡಳಿತದ ಚಿಕ್ಕ ಸಂಗತಿಯಂತೆ ಕಂಡರೂ ಸೊಪ್ಪು ಮತ್ತು ಮೇವಿನ ಹಕ್ಕಿನ ಮಟ್ಟಿಗೆ ಚಿಕ್ಕದಲ್ಲ: ಉತ್ತರ ಕನ್ನಡದ ಅಡಿಕೆ ಬೆಳೆಗಾರನಿಗೆ ಮುಂಬಯಿ ಸರ್ಕಾರದ ಕೆಳಗೆ ತೋಟದ ಎಕರೆಯ ಲೆಕ್ಕದಲ್ಲಿ ‘ಸೊಪ್ಪಿನ ಬೆಟ್ಟ’ ದೊರೆತರೆ, ಕುಂದಾಪುರದ ಬೇಸಾಯಗಾರನಿಗೆ ಮದರಾಸು ಸರ್ಕಾರದ ಕೆಳಗೆ ಗದ್ದೆಯ ಅಂಚಿನಿಂದ ಗಜದ ಲೆಕ್ಕದಲ್ಲಿ ‘ಕುಮ್ಕಿ’ ದೊರೆಯಿತು.

ಅದಕ್ಕೂ ಮುನ್ನ ಕುಮರಿಯ ನಿಷೇಧ ಬಂದಿತ್ತು. ಕಾಡಿನ ಒಂದು ತುಂಡನ್ನು ಕಡಿದು ಸುಟ್ಟು ಒಂದೆರಡು ವರ್ಷ ಬೆಳೆ ತೆಗೆದು, ಬಳಿಕ ಹಲವು ವರ್ಷ ಅದನ್ನು ಬೀಳು ಬಿಡುವ ಬೇಸಾಯವೇ ಕುಮರಿ. ಈ ಸೀಮೆಯಲ್ಲಿ ಅದನ್ನು ಹೆಚ್ಚಾಗಿ ಮಾಡುತ್ತಿದ್ದವರು ಕುಡುಬಿ ಜನ. ಮರಮುಟ್ಟು ಹಾಳಾಗುತ್ತದೆಂದು ಮದರಾಸಿನ ಅರಣ್ಯ ಸಂರಕ್ಷಕ ಹ್ಯೂ ಕ್ಲೆಗ್‌ಹಾರ್ನ್ ಮೊದಲಾದವರು ವಾದಿಸಿದುದರ ಫಲವಾಗಿ 1860ರಲ್ಲಿ ಸರ್ಕಾರಿ ಕಾಡಿನಲ್ಲಿ ಅನುಮತಿಯಿಲ್ಲದೆ ಕುಮರಿ ಮಾಡುವುದು ನಿಂತಿತು. ದೀರ್ಘ ವಿಶ್ರಾಂತಿಯನ್ನೇ ಆಧಾರವಾಗಿಟ್ಟುಕೊಂಡ ಒಂದು ಭೂನಿರ್ವಹಣೆಯನ್ನು ಅದರ ಬೆಂಕಿಯನ್ನಷ್ಟೇ ನೋಡಿ ಅಳಿಸಿದ ಕ್ರಮವಿದು. ಅದರಿಂದ ನೆಲೆ ತಪ್ಪಿದವರು ಬಯಲಿನ ಗದ್ದೆಗಳ ಕೂಲಿಗೂ ಗೇಣಿಗೂ ಇಳಿಯಬೇಕಾಯಿತು. 1882ರ ಮದರಾಸು ಅರಣ್ಯ ಕಾಯ್ದೆ ಘಟ್ಟದ ಬುಡದ ಕಾಡುಗಳನ್ನು ಮೀಸಲಾಗಿಸುವ ದಾರಿ ತೆರೆದು, ದನದ ಪ್ರವೇಶಕ್ಕೂ ಸೊಪ್ಪಿನ ಕತ್ತಿಗೂ ಹೊಸ ಗಡಿ ಹಾಕಿತು. 1871ರ ಜಾನುವಾರು ಅತಿಕ್ರಮ ಕಾಯ್ದೆಯಾದರೋ ಬೇಲಿ ಮುರಿದ ದನವನ್ನು ದೊಡ್ಡಿಗೆ ಹಾಕಿ ದಂಡ ವಸೂಲಿ ಮಾಡುವ ವ್ಯವಸ್ಥೆಯನ್ನು ತಂದು, ನೆರೆಹೊರೆಯ ಮಾತಿನಲ್ಲಿ ಮುಗಿಯುತ್ತಿದ್ದ ತಕರಾರುಗಳನ್ನು ಸರ್ಕಾರದ ಕಟ್ಟೆಗೆ ಏರಿಸಿತು.

ಕುಮ್ಕಿಯ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ದಕ್ಷಿಣ ಕನ್ನಡದಲ್ಲಿ ಒಂದು ಪಟ್ಟೆಯಲ್ಲಿ ಸೇರಿದ ಹಿಡುವಳಿಗೆ ವರ್ಗ ಎಂದೂ ಅದರ ಒಡೆಯನಿಗೆ ವರ್ಗದಾರ ಎಂದೂ ಹೆಸರು. ಫಸಲಿ 1276ಕ್ಕೆ, ಅಂದರೆ 1866-67ಕ್ಕೆ, ಮುಂಚೆ ಏರ್ಪಟ್ಟ ವರ್ಗ ‘ಕದೀಂ’, ಅನಂತರದ್ದು ‘ಹೊಸಗಮೆ’. ಕದೀಂ ವರ್ಗದ ಸಾಗುವಳಿ ನೆಲದ ಅಂಚಿನಿಂದ 100 ಗಜದವರೆಗಿನ, ಸರ್ವೆಯ ಭಾಷೆಯಲ್ಲಿ ನಾಲ್ಕೂವರೆ ಚೈನಿನವರೆಗಿನ, ಸರ್ಕಾರಿ ಪಾಳಿನಲ್ಲಿ ದನ ಮೇಯಿಸಲು, ಸೊಪ್ಪು ಕಡಿಯಲು, ಬೇಸಾಯಕ್ಕೂ ಮನೆಬಳಕೆಗೂ ಬೇಕಾದ ಕಟ್ಟಿಗೆ ಮರಮುಟ್ಟು ತೆಗೆದುಕೊಳ್ಳಲು ವರ್ಗದಾರನಿಗಿರುವ ಸವಲತ್ತೇ ಕುಮ್ಕಿ. ನೆಲದ ಒಡೆತನ ಸರ್ಕಾರದ್ದೇ. ಬಳಕೆ ಮಾತ್ರ ವರ್ಗದಾರನದು. ಗುಡ್ಡವಿಲ್ಲದೆ ಗದ್ದೆಯಿಲ್ಲ ಎಂಬ ಸತ್ಯವನ್ನು ಮದರಾಸಿನ ರೆವಿನ್ಯೂ ಬೋರ್ಡು ತನ್ನ ಸ್ಥಾಯಿ ಆದೇಶಗಳಲ್ಲಿ ಒಪ್ಪಿಕೊಂಡ ಬಗೆ ಇದು, ಮತ್ತು ವಸಾಹತು ಆಡಳಿತದ ಮಟ್ಟಿಗೆ ಇದು ಸಾಮಾನ್ಯವಾದ ಒಪ್ಪಿಗೆಯಲ್ಲ. ಆದರೆ ಒಪ್ಪಿಕೊಂಡದ್ದು ಹಕ್ಕನ್ನು. ಆ ಹಕ್ಕನ್ನು ಹಿಡಿತದಲ್ಲಿಟ್ಟಿದ್ದ ಕ್ರಮವನ್ನಲ್ಲ. ಯಾವ ತಿಂಗಳಲ್ಲಿ ಯಾವ ಗುಡ್ಡಕ್ಕೆ ದನ ಬಿಡಬೇಕು, ಯಾವ ಮರದ ಸೊಪ್ಪನ್ನು ಎಷ್ಟು ವರ್ಷಕ್ಕೊಮ್ಮೆ ಎಷ್ಟು ಎತ್ತರಕ್ಕೆ ಕಡಿಯಬೇಕು, ಮುಳಿಯನ್ನು ಎಂದಿನವರೆಗೆ ಕಾಯಬೇಕು ಎಂಬ ಸಂಗತಿಗಳು ಯಾವ ಅಡಂಗಲ್ಲಿನಲ್ಲೂ, ಅಂದರೆ ಊರಿನ ಸಾಗುವಳಿಯ ಲೆಕ್ಕದ ಪುಸ್ತಕದಲ್ಲೂ, ಬರೆಹಕ್ಕೆ ಬರಲಿಲ್ಲ. ಗಜದ ಸರಪಳಿ ಹಿಡಿದು ಅಳೆಯಬಹುದಾದುದು ದಾಖಲೆಯಾಯಿತು, ಬಾಯಿಮಾತಿನದು ಬಾಯಿಯಲ್ಲೇ ಉಳಿಯಿತು.

ಹಕ್ಕು ಎಲ್ಲರದೂ ಆಗಿರಲಿಲ್ಲ ಎಂಬುದನ್ನೂ ಹೇಳಬೇಕು. ಕುಮ್ಕಿ ವರ್ಗದಾರನಿಗೆ ಸಂದದ್ದು. ಗೇಣಿಯನ್ನು ಏರಿಸಲಾಗದ ಮೂಲಗೇಣಿಯವನೂ, ಒಡೆಯನ ಇಚ್ಛೆಯಿರುವವರೆಗೆ ಮಾತ್ರ ಉಳುವ ಚಾಲಗೇಣಿಯವನೂ ಒಡೆಯನ ಮೂಲಕವೇ ಗುಡ್ಡಕ್ಕೆ ಹೋಗಬೇಕಾಗಿತ್ತು. ನೆಲವೇ ಇಲ್ಲದವರಿಗೆ ಉಳಿದದ್ದು ಕುಮ್ಕಿಯ ಗಡಿಯಾಚೆಯ ಪಾಳು. ನಾಳೆ ಬಿಡಿಸಿಕೊಳ್ಳಬಹುದಾದ ಗದ್ದೆಗೆ ಗುಡ್ಡವನ್ನು ಕಾದು ಗೊಬ್ಬರ ಹೊರುವ ಉತ್ಸಾಹ ಚಾಲಗೇಣಿಯವನಿಗೆ ಎಷ್ಟಿದ್ದೀತು ಎಂಬುದು ಊಹೆಗೆ ನಿಲುಕದ ಮಾತಲ್ಲ.

ಸರ್ಕಾರವೇ ರೈತನಿಗೆ ಪಾಠ ಹೇಳಬೇಕೆಂಬ ವಿಚಾರ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಲಗೊಂಡಿತು. ಭಾರತದ ಕೃಷಿಯನ್ನು ಪರಿಶೀಲಿಸಿ 1893ರಲ್ಲಿ ವರದಿ ಕೊಟ್ಟ ಜಾನ್ ಅಗಸ್ಟಸ್ ವೋಲ್ಕರ್, ಇಲ್ಲಿಯ ರೈತ ಅಜ್ಞಾನಿಯಲ್ಲ, ಅವನಿಗೆ ಬೇಕಾದುದು ಗೊಬ್ಬರ ಒಲೆಗೆ ಹೋಗದಂತೆ ತಡೆಯುವ ಕಟ್ಟಿಗೆ ಮತ್ತು ಮೇವಿನ ಮೀಸಲುಗಳು ಎಂದು ಸಾರಿದ್ದನು. ಆ ಮಾತಿಗೆ ತಕ್ಕ ಕೆಲಸ ಈ ಕರಾವಳಿಯಲ್ಲಿ ಆಗಲಿಲ್ಲ. ಮದರಾಸು ಕೃಷಿ ಇಲಾಖೆ ಜಿಲ್ಲೆಯಲ್ಲಿ ತೋರಿಸಿದ ದೊಡ್ಡ ಆಸಕ್ತಿ ತೆಂಗಿನಲ್ಲಿ. ಅಂದು ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಾಸರಗೋಡಿನಲ್ಲಿ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರ ಆರಂಭವಾಯಿತು. ಭಾರತದ ಕೃಷಿಯನ್ನು ಕುರಿತು 1928ರಲ್ಲಿ ವರದಿ ನೀಡಿದ ಲಿನ್‌ಲಿತ್‌ಗೋ ಆಯೋಗ ದನಗಳ ಸಂಖ್ಯೆ ಹೆಚ್ಚಾಯಿತೆಂದೂ ಮೇವು ಕಡಿಮೆಯಾಯಿತೆಂದೂ ದೇಶಕ್ಕೆಲ್ಲ ಅನ್ವಯಿಸುವ ರೋಗನಿರ್ಣಯ ಮಾಡಿತು. ಗೊಬ್ಬರಕ್ಕಾಗಿಯೇ ದನ ಸಾಕುವ ನಾಡಿನಲ್ಲಿ ಹಾಲು ಬತ್ತಿದ ಹಸು ‘ನಿರುಪಯುಕ್ತ’ವಲ್ಲ ಎಂಬ ವಿವರ ಅಂಥ ನಿರ್ಣಯದಲ್ಲಿ ಕರಗಿಹೋಯಿತು.

ಸ್ವಾತಂತ್ರ್ಯಾನಂತರ 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಆರಂಭವಾಗಿ, ಮನೆಯಂಗಳಕ್ಕೆ ಬಂದು ಹೇಳುವ ಗ್ರಾಮಸೇವಕ ಎಂಬ ಹೊಸ ಗುರು ಹುಟ್ಟಿಕೊಂಡನು. ಸಾಲು ನಾಟಿ, ಮಿತವಾದ ಬೀಜ, ಹೆಚ್ಚು ಗೊಬ್ಬರ ಎಂಬ ‘ಜಪಾನಿ ಪದ್ಧತಿ’ಯ ಭತ್ತದ ಬೇಸಾಯ ಅವನ ಮೊದಲ ಪಾಠಗಳಲ್ಲೊಂದು, ಬೇಲಿಗೆ ಗ್ಲಿರಿಸಿಡಿಯ ನೆಡುವುದು ಇನ್ನೊಂದು. ಮಧ್ಯ ಅಮೆರಿಕದ ಮೂಲದ, ಕಡಿದಷ್ಟೂ ಚಿಗುರುವ ಈ ದ್ವಿದಳ ಮರವನ್ನು ಊರಿನವರು ‘ಗೊಬ್ಬರದ ಗಿಡ’ ಎಂದೇ ಕರೆದು ತಮ್ಮದಾಗಿಸಿಕೊಂಡರು. ಸರ್ಕಾರ ಕಲಿಸಿದ ಪಾಠಗಳಲ್ಲಿ ಹಳೆಯ ಕ್ರಮಕ್ಕೆ ನಿಜವಾಗಿ ಹೊಂದಿಕೊಂಡದ್ದು ಬಹುಶಃ ಇದೊಂದೇ, ಏಕೆಂದರೆ ಹಾಡಿಯ ಮೇಲಿನ ಭಾರವನ್ನು ಇಳಿಸಿ ಸೊಪ್ಪನ್ನು ಗದ್ದೆಯ ಅಂಚಿಗೇ ತಂದ ಬದಲಾವಣೆ ಅದು.

ಮುಂದಿನ ದಶಕಗಳು ಎಲ್ಲವನ್ನೂ ಬೇಗ ಬೇಗ ಬದಲಿಸಿದವು. 1960ರ ದಶಕದ ನಡುವಿನಿಂದ ಬಂದ ಗಿಡ್ಡ ಕಾಂಡದ ಅಧಿಕ ಇಳುವರಿ ತಳಿಗಳು ರಾಸಾಯನಿಕ ಗೊಬ್ಬರಕ್ಕೆ ಹೇಳಿ ಮಾಡಿಸಿದಂತಿದ್ದವು, ಆದರೆ ಅವುಗಳ ಬೈಹುಲ್ಲು ಹಳೆಯ ಎತ್ತರದ ತಳಿಗಳಷ್ಟು ಇರಲಿಲ್ಲ. ಪಣಂಬೂರಿನ ಮಂಗಳೂರು ರಾಸಾಯನಿಕ ಗೊಬ್ಬರ ಕಾರ್ಖಾನೆ 1976ರಲ್ಲಿ ಉತ್ಪಾದನೆ ಆರಂಭಿಸಿದ ಮೇಲೆ ಯೂರಿಯಾ ಚೀಲ ಹೆಡಿಗೆಗಿಂತ ಹಗುರವಾಗಿ ಗದ್ದೆಗೆ ಬಂತು. ಭೂಸುಧಾರಣಾ ತಿದ್ದುಪಡಿ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿ ಪದ್ಧತಿಯನ್ನೇ ಅಳಿಸಿದಾಗ ಗೇಣಿದಾರರು ಉಳುವ ಗದ್ದೆಯ ಒಡೆಯರಾದರು. ಈ ಕರಾವಳಿಯ ಮಟ್ಟಿಗೆ ಇದಕ್ಕಿಂತ ದೊಡ್ಡ ಸಾಮಾಜಿಕ ಬದಲಾವಣೆ ಆ ಶತಮಾನದಲ್ಲಿ ಮತ್ತೊಂದಿಲ್ಲ. ಆದರೆ ಗೇಣಿದಾರರ ಅರ್ಜಿಗಳನ್ನು ತೀರ್ಮಾನಿಸಿದ ನ್ಯಾಯಮಂಡಳಿಗಳ ಮುಂದಿದ್ದ ಪ್ರಶ್ನೆ ಗದ್ದೆಯನ್ನು ಯಾರು ಉಳುತ್ತಿದ್ದರು ಎಂಬುದೇ ಹೊರತು, ಆ ಗದ್ದೆಗೆ ಸೊಪ್ಪು ಎಲ್ಲಿಂದ ಬರುತ್ತಿತ್ತು ಎಂಬುದಲ್ಲ. ದೊಡ್ಡ ವರ್ಗ ಹಲವು ಹಿಡುವಳಿಗಳಾಗಿ ಒಡೆದಾಗ ಅದರ ಸುತ್ತಣ ಗುಡ್ಡದ ಕ್ರಮವೂ ಒಡೆಯಿತು. ಅದೇ 1974ರಲ್ಲಿ ಕೊಲ್ಲೂರಿನ ಸುತ್ತಣ ಕಾಡು ಮೂಕಾಂಬಿಕಾ ವನ್ಯಧಾಮವೆಂದು ಘೋಷಿತವಾಯಿತು. 1978ರಲ್ಲಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮ ಸ್ಥಾಪನೆಯಾಗಿ, ಕರಾವಳಿಯ ಗುಡ್ಡಗಳಲ್ಲಿ ಗೇರಿನ ನೆಡುತೋಪುಗಳ ಆಡಳಿತ ಒಂದೇ ಕೈಗೆ ಬಂತು. ಅನಂತರ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಬೋಳು ಹಕ್ಕಲುಗಳಿಗೆ ಅಕೇಶಿಯಾ ಬಂತು. ಬೇಗ ಹಸಿರಾಗುವ, ದನ ಮುಟ್ಟದ, ಬಿದ್ದ ಎಲೆ ಬೇಗ ಕೊಳೆಯದ ಈ ಮರ ಅಂಕಿಅಂಶಗಳಲ್ಲಿ ಕಾಡನ್ನು ಹೆಚ್ಚಿಸಿ ನೆಲದಲ್ಲಿ ಹುಲ್ಲನ್ನು ಕುಗ್ಗಿಸಿತು.

ಹಾಲಿನ ಸಹಕಾರ ಸಂಘಗಳು ಬೇರೆ ಬಗೆಯ ಶಾಲೆಗಳಾದವು. ದಿನಕ್ಕೆರಡು ಸಲ ಹಾಲು ಅಳೆದು ಕೊಬ್ಬಿನಂಶ ನೋಡಿ ಹಣ ಕೊಡುವ ಸಂಘ ಊರಿಗೆ ಬಂದ ಮೇಲೆ ಜೆರ್ಸಿ, ಹೋಲ್‌ಸ್ಟೀನ್ ಮಿಶ್ರತಳಿಯ ದನ ಹಟ್ಟಿಗೆ ಬಂತು, ಹಟ್ಟಿಗೆ ಸಿಮೆಂಟಿನ ನೆಲ ಬಂತು, ನೆಲಕ್ಕೆ ಸೊಪ್ಪಿನ ಬದಲು ನೀರು ಬಂತು. ಗುಡ್ಡ ಹತ್ತಲಾರದ ಆ ದನಕ್ಕೆ ಹಿಂಡಿಯನ್ನೂ ಕೊಯಿದು ತಂದ ನೇಪಿಯರ್ ಹುಲ್ಲನ್ನೂ ಕಟ್ಟಿಹಾಕಿದಲ್ಲಿಗೇ ಕೊಡಬೇಕು. ಮನೆಯ ಹೆಂಗಸರ ಕೈಗೆ ವಾರವಾರವೂ ನಗದು ಕೊಟ್ಟ ಈ ಬದಲಾವಣೆಯನ್ನು ಅಲ್ಲಗಳೆಯುವುದು ಸುಲಭವಲ್ಲ. ಸೊಪ್ಪಿನ ಹೊರೆ ಇಳಿದುದಕ್ಕೆ ಅವರಲ್ಲಿ ಯಾರೂ ವಿಷಾದಿಸಿದಂತಿಲ್ಲ. ಉಳುಮೆಗೆ ಟಿಲ್ಲರ್, ಕೊಯಿಲಿಗೆ ಕಟಾವು ಯಂತ್ರ ಬಂದ ಮೇಲೆ ಎತ್ತು ಕೋಣಗಳ ಅಗತ್ಯವೂ ಹೋಯಿತು, ಕೋಣ ಕಂಬಳದ ಕೆಲವು ಮನೆಗಳಲ್ಲಿ ಗೌರವದ ಪ್ರಾಣಿಯಾಗಿ ಉಳಿಯಿತು. ಹೊಟೇಲು ಉದ್ಯಮವನ್ನು ಹಿಡಿದು ಮುಂಬಯಿ ಬೆಂಗಳೂರುಗಳಿಗೆ ಹೋದ ತಲೆಮಾರಿನೊಡನೆ ದನ ಕಾಯುವ ಮಕ್ಕಳೂ ಗುಡ್ಡದಿಂದ ಮರೆಯಾದರು. ಹಕ್ಕಲು ಅತಿಮೇವಿನಿಂದ ಹಾಳಾಯಿತೆಂದು ಒಂದು ಕಾಲದಲ್ಲಿ ಬರೆದವರು, ಮೇಯುವ ದನವೇ ಇಲ್ಲದೆ ಅದು ಕಮ್ಯುನಿಸ್ಟ್ ಗಿಡ ಮತ್ತು ಲಂಟಾನದ ಪೊದೆಯಾದುದನ್ನು ಇಂದು ನೋಡಬೇಕಾಗಿದೆ.

ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರಕ್ಕೆ ಈ ಚರಿತ್ರೆಯಲ್ಲಿ ವಿಶೇಷ ಸ್ಥಾನವಿದೆ. ರಾಜ್ಯದ ಹತ್ತು ಕೃಷಿ ಹವಾಮಾನ ವಲಯಗಳಲ್ಲಿ ಹತ್ತನೆಯದಾದ ಕರಾವಳಿ ವಲಯಕ್ಕೆ ಮೀಸಲಾದ ಈ ಕೇಂದ್ರ ಮೊದಲು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಅಂಗವಾಗಿದ್ದು, ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಅದರ ಆಡಳಿತಕ್ಕೆ ಬಂತು. ಕೇರಳದ ಮೊಂಕೊಂಬಿನಿಂದ ಬಂದ ಎಂ.ಓ.-4 ಎಂಬ ಕೆಂಪಕ್ಕಿಯ ತಳಿ ಕರಾವಳಿಯ ಗದ್ದೆಗಳಲ್ಲಿ ನೆಲೆಯೂರಿದುದರಲ್ಲಿ ಈ ಕೇಂದ್ರದ ಕೆಲಸ ದೊಡ್ಡದು. ಅಲ್ಲಿಯೇ ಇರುವ ಕೃಷಿ ವಿಜ್ಞಾನ ಕೇಂದ್ರವು 1974ರಲ್ಲಿ ಪುದುಚೇರಿಯಲ್ಲಿ ಮೊದಲನೆಯದು ಆರಂಭವಾದ ಆ ಸರಣಿಗೆ ಸೇರಿದ್ದು. ಕೈಯಾರೆ ಮಾಡಿ ಕಲಿಸುವುದು ಆ ಸರಣಿಯ ಮೂಲ ಉದ್ದೇಶ. ಇಂಥ ಕೇಂದ್ರಗಳ ತರಬೇತಿ ವಿಷಯವಾರಾಗಿ ವಿಂಗಡವಾಗಿರುತ್ತದೆ: ಭತ್ತ, ತೋಟ, ಮಣ್ಣು, ಪಶುಪಾಲನೆ, ಮೀನು. ಪ್ರತಿಯೊಂದಕ್ಕೂ ಒಬ್ಬ ತಜ್ಞ. ಹಾಡಿಯಿಂದ ಹಟ್ಟಿಗೆ, ಹಟ್ಟಿಯಿಂದ ಗದ್ದೆಗೆ ಸಾಗುವ ಸೊಪ್ಪಿನ ಹಾದಿ ಇಂಥ ಮೂರು ನಾಲ್ಕು ಕೊಠಡಿಗಳನ್ನು ದಾಟಿ ಹೋಗುತ್ತದೆ, ಆದ್ದರಿಂದ ಅದು ಯಾವ ಕೊಠಡಿಗೂ ಪೂರ್ತಿಯಾಗಿ ಸೇರುವುದಿಲ್ಲ. ಕರ್ನಾಟಕ 2004ರಲ್ಲಿ ಸಾವಯವ ಕೃಷಿ ನೀತಿಯನ್ನು ಪ್ರಕಟಿಸಿದ ಮೇಲೆ ಎರೆಗೊಬ್ಬರ, ಜೀವಾಮೃತಗಳು ತರಬೇತಿಗೆ ಸೇರಿದವು; ಊರ ದನದ ಸೆಗಣಿ ಗಂಜಳಗಳಿಗೆ ಮತ್ತೆ ಬೆಲೆ ಬಂತು; 2024ರಲ್ಲಿ ಕೇಂದ್ರ ಸರ್ಕಾರದ ನೈಸರ್ಗಿಕ ಕೃಷಿ ಅಭಿಯಾನಕ್ಕೂ ಒಪ್ಪಿಗೆ ದೊರೆಯಿತು. ಇವೆಲ್ಲವೂ ಹಟ್ಟಿ ಮತ್ತು ಗದ್ದೆಯ ನಡುವಣ ದಾರಿಯನ್ನು ದುರಸ್ತಿ ಮಾಡುವ ಪ್ರಯತ್ನಗಳು. ಗುಡ್ಡ ಮತ್ತು ಹಟ್ಟಿಯ ನಡುವಣ ದಾರಿಯ ವಿಷಯ ಬೇರೆ, ಏಕೆಂದರೆ ಅಲ್ಲಿ ಪ್ರಶ್ನೆ ಕೃಷಿ ವಿಜ್ಞಾನದ್ದಕ್ಕಿಂತ ಹೆಚ್ಚಾಗಿ ಭೂದಾಖಲೆಯದು.

ಕರ್ನಾಟಕ ಭೂಕಂದಾಯ ಕಾಯ್ದೆ 1964ರಲ್ಲಿ ಬಂದಾಗ ಅದರ 79ನೆಯ ಪ್ರಕರಣ ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾನೆ ಜಮೀನುಗಳಲ್ಲಿನ, ಉತ್ತರ ಕನ್ನಡದ ಬೆಟ್ಟ ಮತ್ತು ಹಾಡಿಗಳಲ್ಲಿನ, ಹಳೆ ಮೈಸೂರಿನ ಕಾನು ಮತ್ತು ಸೊಪ್ಪಿನಬೆಟ್ಟಗಳಲ್ಲಿನ ಸವಲತ್ತುಗಳನ್ನು ಮುಂದುವರಿಸಿತು. ಅದೇ ಕಾಯ್ದೆಯ 1966ರ ನಿಯಮಗಳು ಊರಿನ ಪ್ರತಿ 100 ದನಕ್ಕೆ 12 ಹೆಕ್ಟೇರಿನಂತೆ ಗೋಮಾಳ ಮೀಸಲಿಡಬೇಕೆಂದವು. 1990ರ ದಶಕದಿಂದ ನಡೆದುಬಂದ ಅಕ್ರಮ ಸಕ್ರಮದ ಅರ್ಜಿಗಳಲ್ಲಿ, ಮನೆನಿವೇಶನದ ಬೇಡಿಕೆಗಳಲ್ಲಿ, ಕುಮ್ಕಿಯನ್ನು ವರ್ಗದಾರನಿಗೇ ಮಂಜೂರು ಮಾಡಬೇಕೆಂಬ ಒತ್ತಾಯದಲ್ಲಿ, ಅದನ್ನು ಭೂಮಿಯಿಲ್ಲದವರಿಗೆ ಹಂಚಬೇಕೆಂಬ ಪ್ರತಿವಾದದಲ್ಲಿ, ಅದು ಅರಣ್ಯವೆಂಬ ಇಲಾಖೆಯ ಹಕ್ಕೊತ್ತಾಯದಲ್ಲಿ ಕುಮ್ಕಿಯ ಹೆಸರು ಬರುತ್ತಲೇ ಇದೆ. ಆದರೆ ಈ ವಾದಗಳಲ್ಲಿ ದನ ಮತ್ತು ಸೊಪ್ಪು ಬರುವುದು ಅಪರೂಪ. ಹಳೆಯ ಹಟ್ಟಿಯ ಲೆಕ್ಕದಲ್ಲಿ ಗದ್ದೆಯ ಅಂಗವಾಗಿದ್ದ 100 ಗಜ ಈಗ ಮನೆಯೋ ರಬ್ಬರೋ ಅಡಿಕೆಯೋ ಆಗಬಲ್ಲ ನಿವೇಶನ.

2018ರಲ್ಲಿ ಬೈಂದೂರು ಮತ್ತು ಬ್ರಹ್ಮಾವರ ಪ್ರತ್ಯೇಕ ತಾಲ್ಲೂಕುಗಳಾಗಿ ಕುಮ್ಕಿಯ ದಾಖಲೆಗಳು ಮೂರು ಕಚೇರಿಗಳಿಗೆ ಹಂಚಿಹೋದವು. ಪುನಶ್ಚೇತಕ ಭೂನಿರ್ವಹಣೆ, ಅಂದರೆ ಬೆಳೆ ತೆಗೆಯುತ್ತಲೇ ಮಣ್ಣಿನ ಸಾರವನ್ನು ಹೆಚ್ಚಿಸುವ ಬೇಸಾಯವನ್ನು, ಇಲ್ಲಿಯ ರೈತರಿಗೆ ಕಲಿಸಲು ಹೊರಡುವವರು ಬೇಲಿ ಹಾಕಿದ ಸಾವಿರ ಎಕರೆಯ ಹುಲ್ಲುಗಾವಲನ್ನು ಮನಸ್ಸಿನಲ್ಲಿಟ್ಟು ಬರೆದ ಪಾಠವನ್ನು ತಂದರೆ ಅದಕ್ಕೆ ಇಲ್ಲಿ ನೆಲವೇ ಸಿಗದು. ಇಲ್ಲಿ ಹಿಂಡು ಎಂದರೆ ಹತ್ತು ಮನೆಯ ಎರಡೆರಡು ದನ, ಬೇಲಿ ಎಂದರೆ ಹತ್ತು ಮನೆಯವರ ಮಾತು, ವಿಶ್ರಾಂತಿ ಕೊಡಬೇಕಾದ ಗುಡ್ಡ ಪಹಣಿಯಲ್ಲಿ ಸರ್ಕಾರದ್ದು. ಒಂದು ಹಕ್ಕಲನ್ನು ಮಳೆಗಾಲದ ಮೊದಲೆರಡು ತಿಂಗಳು ಮುಚ್ಚಿಡಲು ಯಾರ ಅಪ್ಪಣೆ ಬೇಕು, ಮುಚ್ಚಿದ ಮೇಲೆ ದನ ನುಗ್ಗಿಸಿದವನನ್ನು ಯಾರು ಕೇಳಬೇಕು ಎಂಬುದಕ್ಕೆ 79ನೆಯ ಪ್ರಕರಣದಲ್ಲಿ ಉತ್ತರವಿಲ್ಲ, ಕುಮ್ಕಿಯ ಹಳೆಯ ಆದೇಶದಲ್ಲೂ ಇರಲಿಲ್ಲ. ಆ ಉತ್ತರವನ್ನು ಬಲ್ಲವರೆಂದರೆ ಮುಳಿಗುಡ್ಡ ಕಾದು, ಬಯಲಿಗೆ ದನ ಬಿಡುವ ದಿನವನ್ನು ನೆರೆಹೊರೆಯವರೊಡನೆ ಕೂಡಿ ನಿಶ್ಚಯಿಸಿ, ಸೊಪ್ಪಿಗೆ ಯಾವ ಮರದ ಯಾವ ಕೊಂಬೆ ಎಂದು ಕತ್ತಿ ಹಿಡಿದು ತೋರಿಸಿದ ತಲೆಮಾರಿನವರು, ಅವರಲ್ಲಿಯೂ ಹೆಚ್ಚಾಗಿ ಹೆಂಗಸರು. ಅವರ ತಿಳಿವಳಿಕೆಯನ್ನು ಯಾವ ಕೇಂದ್ರದ ಪಠ್ಯಕ್ರಮಕ್ಕೂ ಮುಂಚೆ ಊರು ಊರಿನ ಗುಡ್ಡದ ಹೆಸರು ಸಮೇತ ಬರೆದಿಟ್ಟುಕೊಳ್ಳುವುದು ಇನ್ನೂ ಕೆಲವು ವರ್ಷಗಳ ಕಾಲ ಸಾಧ್ಯವಿದೆ.